ಎರಡನೇ ಬಾಟಲಿ ಸಪ್ಪೆ ಆಯಿತು, ಬರ್ಗಂಡಿ ವೈನ್ ಕೆಟ್ಟಿದೆಯೇ?

ಪ್ರಶ್ನೆ: 2015ರ ವೋಲ್ನೆ ಪ್ರೀಮಿಯರ್ ಕ್ರೂ (ಫ್ರಾನ್ಸಿನ ಬರ್ಗಂಡಿ ಸೀಮೆಯ ವೋಲ್ನೆ ಊರಿನ, ಮೇಲ್ದರ್ಜೆಯ ತೋಟದ ಕೆಂಪು ವೈನ್) ಆರು ಬಾಟಲಿ ಕೊಂಡಿದ್ದೆ. 2018ರಲ್ಲಿ ತೆರೆದದ್ದು ಚೆರ್ರಿ ಹಣ್ಣಿನಂತೆ ಘಮಘಮಿಸಿತು. 2022ರಲ್ಲಿ ತೆರೆದದ್ದರಲ್ಲಿ ಮೂಗಿಗೆ ಏನೂ ಸಿಗಲಿಲ್ಲ. ಬರೀ ಹುಳಿ, ಒಗರು. ಉಳಿದ ನಾಲ್ಕೂ ಹೋದವೇ?

ಉತ್ತರ: ಹೆಚ್ಚಾಗಿ ಹೋಗಿರಲಾರವು. ವೈನ್ 'ಮುಚ್ಚಿಕೊಂಡಿದೆ', ಫ್ರೆಂಚರೂ ಹಾಗೇ ಹೇಳುತ್ತಾರೆ. ಬರ್ಗಂಡಿಯ ಕೆಂಪು ವೈನಿಗೆ ಬಳಸುವ ಪಿನೋ ನ್ವಾರ್ ದ್ರಾಕ್ಷಿಯ ಎಳೆಯ ವೈನಿನಲ್ಲಿರುವ ಹಣ್ಣಿನ ಘಮ ಮೊದಲ ಕೆಲವು ವರ್ಷಗಳಲ್ಲೇ ತಗ್ಗುತ್ತದೆ. ಅಣಬೆ, ಒದ್ದೆ ತರಗೆಲೆ, ಚರ್ಮದ ವಾಸನೆಗಳು ನಿಧಾನವಾಗಿ ಹುಟ್ಟುವಂಥವು. ಒಂದು ಹೋಗಿ ಇನ್ನೊಂದು ಬರುವ ನಡುವೆ ಟ್ಯಾನಿನ್ನಿನ (ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಅಂಶ) ಒಗರು ಮಾತ್ರ ಎದ್ದು ಕಾಣುತ್ತದೆ, ಎಳೆ ಅಡಿಕೆ ಜಗಿದ ಹಾಗೆ. 2005ರ ಬರ್ಗಂಡಿಗಳು ಹೀಗೆ ವರ್ಷಗಟ್ಟಲೆ ಮುಚ್ಚಿಕೊಂಡಿದ್ದಕ್ಕೆ ಹೆಸರಾದವು. ಹಗುರವಾದ 2007ರವು ಬೇಗ ಕುಡಿಯಲು ಬಂದವು.

ಮುಚ್ಚಿದ್ದು ಯಾವುದು, ಕೆಟ್ಟಿದ್ದು ಯಾವುದು ಎಂದು ಗುರುತಿಸುವುದೇ ಇಲ್ಲಿ ಮುಖ್ಯ. ಮುಚ್ಚಿದ ವೈನಿಗೆ ಘಮ ಇಲ್ಲದಿದ್ದರೂ ಬಾಯಲ್ಲಿ ತೂಕವಿರುತ್ತದೆ, ನುಂಗಿದ ಮೇಲೂ ರುಚಿ ಉಳಿಯುತ್ತದೆ. ಲೋಟದಲ್ಲಿ ಎರಡು ಗಂಟೆ ಬಿಟ್ಟರೆ ಒಂದಿಷ್ಟು ಬಿಚ್ಚಿಕೊಳ್ಳುತ್ತದೆ. ಕಾರ್ಕಿನ ದೋಷವಾದರೆ ಒದ್ದೆ ರಟ್ಟಿನ, ಬೂಷ್ಟಿನ ವಾಸನೆ. ಗಾಳಿ ತಾಗಿದಷ್ಟೂ ಅದು ಜೋರಾಗುತ್ತದೆ. ಬಣ್ಣ ಕಂದಾಗಿ, ಕೊಯ್ದಿಟ್ಟ ಸೇಬಿನ ವಾಸನೆ ಬಂದರೆ ಒಳಗೆ ಗಾಳಿ ಹೊಕ್ಕಿದೆ. ಕಾರ್ಕ್ ಮೇಲೆದ್ದು, ಕತ್ತಿನ ಸುತ್ತ ಅಂಟಿದ್ದು, ರುಚಿ ಬೇಯಿಸಿದ ಹಣ್ಣಿನಂತಿದ್ದರೆ ಸೆಕೆಯ ಕೆಲಸ. ಬೆಂಗಳೂರಿನ ಏಪ್ರಿಲ್‌ನಲ್ಲಿ ಅಡುಗೆಮನೆ ಕಪಾಟಿನಲ್ಲಿಟ್ಟ ಬಾಟಲಿಗೆ ಆಗುವುದು ಇದೇ. ವರ್ಷಗಟ್ಟಲೆ ಇಡುವುದಾದರೆ 12ರಿಂದ 14 ಡಿಗ್ರಿಯ ವೈನ್ ಫ್ರಿಜ್ ಬೇಕೇ ಬೇಕು.

ಮುಂದಿನದನ್ನು ತೆರೆದಾಗ ಒಂದೇ ಸಲ ಮುಗಿಸಬೇಡಿ. 15-16 ಡಿಗ್ರಿಗೆ ತಂದು (28 ಡಿಗ್ರಿಯ ಕೋಣೆಯಿಂದಾದರೆ ಫ್ರಿಜ್‌ನಲ್ಲಿ ಸುಮಾರು ಒಂದೂವರೆ ಗಂಟೆ) ಹೊಟ್ಟೆ ಅಗಲವಿರುವ ಲೋಟಕ್ಕೆ 75 ಮಿ.ಲೀ. ಸುರಿಯಿರಿ. ತೆರೆದ ಕೂಡಲೇ, ಅರ್ಧ ಗಂಟೆಗೆ, ಎರಡು ಗಂಟೆಗೆ ರುಚಿ ನೋಡಿ, ದಿನಾಂಕ ಹಾಕಿ ಬರೆದಿಡಿ. ಅರ್ಧ ಬಾಟಲಿಗೆ ಕಾರ್ಕ್ ಹಾಕಿ ಫ್ರಿಜ್‌ನಲ್ಲಿಡಿ. ಮರುದಿನ ಇನ್ನೂ ಚೆನ್ನಾಗಿದ್ದರೆ ಉಳಿದವನ್ನು ಮೂರು-ನಾಲ್ಕು ವರ್ಷ ಮುಟ್ಟಬೇಡಿ. ರುಚಿ ಬಿದ್ದುಹೋಗಿದ್ದರೆ ತಡಮಾಡದೆ ಕುಡಿದುಬಿಡಿ. ಇದು ಒರಟು ಪರೀಕ್ಷೆ, ಆದರೆ ಅಂತರ್ಜಾಲದ 'ಕುಡಿಯುವ ವರ್ಷ'ದ ಪಟ್ಟಿಗಿಂತ ನಿಮ್ಮ ಬಾಟಲಿಯ ಬಗ್ಗೆ ಹೆಚ್ಚು ಹೇಳುತ್ತದೆ.

ಎಷ್ಟು ವರ್ಷಕ್ಕೆ ಕುಡಿಯಬಹುದು ಎಂದು ಅಂದಾಜಿಗೆ ಹೇಳುವುದಾದರೆ, ಚೀಟಿಯಲ್ಲಿ ಬರೀ 'ಬೂರ್ಗೊಞ್' (ಬರ್ಗಂಡಿಯ ಫ್ರೆಂಚ್ ಹೆಸರು) ಎಂದಿರುವುದು ಮೂರರಿಂದ ಐದು ವರ್ಷ, ಊರಿನ ಹೆಸರಿನದು ಐದರಿಂದ ಹತ್ತು, ಪ್ರೀಮಿಯರ್ ಕ್ರೂ ಎಂಟರಿಂದ ಹದಿನೈದು. ವೋಲ್ನೆ ಸೌಮ್ಯ, ಪಕ್ಕದ ಪೊಮ್ಮಾರ್‌ನ ಒಗರು ಹೆಚ್ಚು, ಅದಕ್ಕೆ ಕಾಯುವ ಕಾಲವೂ ಹೆಚ್ಚು.

ಕೊನೆಯ ಒಂದೆರಡು ಬಾಟಲಿಗಳ ಹೊತ್ತಿಗೆ ತಳದಲ್ಲಿ ಗಸಿ ಕೂತಿರುತ್ತದೆ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ಹಳೆಯ ಪಿನೋವನ್ನು ಗಂಟೆಗಟ್ಟಲೆ ಮೊದಲೇ ಜಗ್ಗಿಗೆ ಬಗ್ಗಿಸಿಟ್ಟರೆ ಉಳಿದಿದ್ದ ಘಮವೂ ಹಾರಿಹೋಗುತ್ತದೆ. ಕುಡಿಯುವ ಹೊತ್ತಿಗೆ ತೆರೆದು, ಬಾಟಲಿಯನ್ನು ಅಲುಗಿಸದೆ ನೇರ ಲೋಟಕ್ಕೇ ಸುರಿಯಿರಿ. ಕತ್ತಿನ ಹತ್ತಿರ ಕಪ್ಪು ಎಳೆ ಕಂಡ ಕೂಡಲೇ ನಿಲ್ಲಿಸಿ.