ಬೆಟ್ಟ ಬೇಡ, ಲಾರಿ ಬೇಡ: ಬೆಂಗಳೂರಿನ ಸುತ್ತ ಸೈಕಲ್ ತುಳಿಯಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಹೊಸದಾಗಿ ಸೈಕಲ್ ತಗೊಂಡಿದ್ದೇನೆ. ಎಲ್ಲರೂ ನಂದಿ ಬೆಟ್ಟ ಅಂತಾರೆ. ನನ್ನ ಮಂಡಿಗೆ ಅದು ಆಗುವ ಮಾತಲ್ಲ. ಟ್ರಾಫಿಕ್ ಇಲ್ಲದ, ಏರು ಇಲ್ಲದ, ದಾರಿಯಲ್ಲಿ ಒಂದೆರಡು ಹಳೇ ಗುಡಿ, ಕೋಟೆ ಸಿಗುವಂಥ ರಸ್ತೆ ಹತ್ತಿರದಲ್ಲಿ ಇದೆಯಾ?

ಇದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೈಕಲ್‌ಗೆಂದೇ ಹಾಕಿದ, ಬೇರೆ ಗಾಡಿಗಳು ಕಾಲಿಡದ ಹಳ್ಳಿ ದಾರಿ ನಮ್ಮಲ್ಲಿಲ್ಲ. ಊರೊಳಗೆ ಭಾನುವಾರ ಕಬ್ಬನ್ ಪಾರ್ಕಿನ ರಸ್ತೆಗಳಿಗೆ ಗಾಡಿ ಬಿಡುವುದಿಲ್ಲ, ಮಕ್ಕಳ ಜೊತೆ ಸುತ್ತಲು ಅದು ಸಾಕು. ಹೊರಗೆ ಹೋದರೆ ಟ್ರಾಫಿಕ್ ಇಲ್ಲ ಅನ್ನುವುದು ಎಲ್ಲಿ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಅನ್ನುವುದರ ಮೇಲೆ ನಿಂತಿದೆ. ಬೆಳಕು ಹರಿಯುವ ಹೊತ್ತಿಗೆ ಹಳ್ಳಿ ರಸ್ತೆಯಲ್ಲಿ ಸಿಗುವುದು ಡೈರಿಗೆ ಹಾಲಿನ ಕ್ಯಾನು ತಗೊಂಡು ಹೋಗುವ ಟಿವಿಎಸ್ ಮೊಪೆಡ್‌ಗಳು ಮಾತ್ರ. 9 ಗಂಟೆ ದಾಟಿದ ಮೇಲೆ ಅದೇ ರಸ್ತೆಗೆ ಶಾಲೆ ಬಸ್ಸು, ಜಲ್ಲಿ ಟಿಪ್ಪರ್ ಎಲ್ಲ ಬರುತ್ತವೆ.

ಈಗ ದಿಕ್ಕಿನ ವಿಷಯ. ಬೆಂಗಳೂರು ಕೂತಿರುವುದು ಒಂದು ದಿಣ್ಣೆಯ ಮೇಲೆ. ಊರಿನ ಎತ್ತರದ ಜಾಗ ದೊಡ್ಡಬೆಟ್ಟಹಳ್ಳಿ ಹತ್ತಿರ, ಸಮುದ್ರ ಮಟ್ಟದಿಂದ 962 ಮೀಟರ್. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿ ಕಡೆ ಹರಿಯುತ್ತದೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿ ಕಡೆ. ಪಶ್ಚಿಮಕ್ಕೋ ದಕ್ಷಿಣಕ್ಕೋ ಹೊರಟರೆ ಮಾಗಡಿ, ರಾಮನಗರ, ಕನಕಪುರ. ಬರೀ ಬಂಡೆ, ಕಣಿವೆ. ಮಾಗಡಿ ಕಡೆಯ ದಾರಿ ನೋಡಲು ಚೆಂದವೇ, ಆದರೆ ತೊಡೆಗೆ ಒಂದು ನಿಮಿಷ ಬಿಡುವು ಕೊಡುವುದಿಲ್ಲ. ಪೂರ್ವ, ಈಶಾನ್ಯಕ್ಕೆ, ಅಂದರೆ ಹೊಸಕೋಟೆ, ದೇವನಹಳ್ಳಿ, ವಿಜಯಪುರ, ಶಿಡ್ಲಘಟ್ಟದ ಕಡೆಗೆ, ನೆಲ ಬಯಲಾಗಿ ಹರಡಿಕೊಂಡಿದೆ. ಪೂರ್ತಿ ಮಟ್ಟ ಅಂತ ಹೇಳಲಾರೆ. ಏರಿಳಿತ ಇದೆ. ಸೀಟಿನಿಂದ ಎದ್ದು ತುಳಿಯಬೇಕಾದ ಏರು ಮಾತ್ರ ಅಪರೂಪ.

ಈ ಬಯಲಲ್ಲಿ ಇನ್ನೂ ಮಟ್ಟದ ದಾರಿ ಬೇಕಾದರೆ ಮೊಬೈಲಿನ ಮ್ಯಾಪ್ ತೆರೆದು ಕೆರೆಗಳನ್ನು ಹುಡುಕಿ. ಸೈಕಲ್ ಆ್ಯಪ್ ತೋರಿಸುವ ದಾರಿಗಿಂತ ನನಗೆ ಇದರ ಮೇಲೇ ನಂಬಿಕೆ ಜಾಸ್ತಿ. ಕೆರೆ ಏರಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಎತ್ತರದಲ್ಲಿರಬೇಕು, ತಗ್ಗಾದ ಕಡೆ ನೀರು ಉಕ್ಕಿ ಏರಿ ಒಡೆಯುತ್ತದೆ. ಹಾಗಾಗಿ ಏರಿ ಮೇಲಿನ ರಸ್ತೆ ಮಟ್ಟವಾಗಿಯೇ ಇರುತ್ತದೆ. ಈ ಸೀಮೆಯಲ್ಲಿ ಒಂದು ಕೆರೆಯ ಕೋಡಿ ನೀರು ಮುಂದಿನ ಊರಿನ ಕೆರೆಗೆ ಹೋಗುತ್ತಿತ್ತು. ಆ ಸಾಲನ್ನು ಹಿಡಿದು ಹೋದರೆ ಇಳಿಜಾರು ಗೊತ್ತೇ ಆಗುವುದಿಲ್ಲ. ನೀವು ಕೇಳಿದ ಹಳೇ ಗುಡಿಗಳೂ ಅಲ್ಲೇ ಸಿಗುತ್ತವೆ, ಯಾಕೆಂದರೆ ಊರು ಕಟ್ಟಿದ್ದೇ ಕೆರೆ ನಂಬಿಕೊಂಡು. ಏರಿಯ ತುದಿಯಲ್ಲಿ ಗಂಗಮ್ಮನ ಗುಡಿ, ಅರ್ಧ ಹೂತುಹೋದ ವೀರಗಲ್ಲು, ಅದರ ಮೇಲೆ ಯಾರೋ ಹಚ್ಚಿದ ಅರಿಶಿನ ಕುಂಕುಮ. ಬೋರ್ಡು ಗೀರ್ಡು ಇರುವುದಿಲ್ಲ. ಸೈಕಲ್ ಇಳಿದು ನೋಡಬೇಕು ಅಷ್ಟೇ.

ನಿಮಗೆ ನಾನು ಮೊದಲು ಹೇಳುವುದು ದೇವನಹಳ್ಳಿಯನ್ನೇ. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳ ಜೊತೆ ತುಳಿದುಕೊಂಡು ಹೋಗುವುದು ಬೇಡ. ಸೈಕಲ್ಲನ್ನು ಕಾರಿಗೆ ಹಾಕಿಕೊಂಡು ಹೋಗಿ, ಕೋಟೆ ಹತ್ತಿರ ಕಾರು ನಿಲ್ಲಿಸಿ, ಅಲ್ಲಿಂದ ಶುರು ಮಾಡಿ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ ಇದು. ಹೈದರಾಲಿ, ಟಿಪ್ಪು ಕಾಲದಲ್ಲಿ ಕಲ್ಲಿನದಾಯಿತು, 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯದ ಕೈಗೆ ಹೋಯಿತು. ಟಿಪ್ಪು ಹುಟ್ಟಿದ್ದೂ ಈ ಊರಲ್ಲೇ, ಆ ಜಾಗದಲ್ಲಿ ಒಂದು ಸಣ್ಣ ಕಲ್ಲಿನ ಮಂಟಪ ಇದೆ. ಕೋಟೆಯೊಳಗೆ ಈಗಲೂ ಜನ ವಾಸ ಇದ್ದಾರೆ. ವೇಣುಗೋಪಾಲಸ್ವಾಮಿ ಗುಡಿ ಮುಂದೆ ಬೆಳಿಗ್ಗೆ ನೀರು ಚಿಮುಕಿಸಿ ರಂಗೋಲಿ ಬಿಡಿಸುತ್ತಿರುತ್ತಾರೆ. ಅದರ ಮೇಲೆ ಚಕ್ರ ಹತ್ತಿಸಬೇಡಿ ಮತ್ತೆ.

ಇಲ್ಲಿಂದ ಎರಡು ದಾರಿ. ಒಂದು ಉತ್ತರಕ್ಕೆ, ಚಿಕ್ಕಬಳ್ಳಾಪುರದ ರೈಲು ಹಳಿಯ ಆಸುಪಾಸಿನ ಹಳ್ಳಿ ರಸ್ತೆಗಳಲ್ಲಿ. ಮೊದಲು ನ್ಯಾರೋ ಗೇಜ್ ಇದ್ದ, ನೂರು ವರ್ಷ ದಾಟಿದ ಮಾರ್ಗ ಅದು. ಹಳಿ ಹಾಕುವಾಗ ಆದಷ್ಟು ಮಟ್ಟದ ನೆಲವನ್ನೇ ಆರಿಸಿರುತ್ತಾರೆ, ಅದರ ಲಾಭ ನಿಮ್ಮ ಮಂಡಿಗೆ. ದಾರಿಯಲ್ಲಿ ಆವತಿ ಸಿಗುತ್ತದೆ. ದೇವನಹಳ್ಳಿಯ ಪಾಳೆಯಗಾರರ ಮನೆತನದ ಮೂಲ ಊರು. ಕೆಂಪೇಗೌಡರ ಹಿರಿಯರನ್ನೂ ಆವತಿಗೇ ಸೇರಿಸಿ ಹೇಳುತ್ತಾರೆ. ಮುಂದೆ ನಂದಿ ಹಾಲ್ಟ್, ಹಂಚಿನ ಮಾಡಿನ ಪುಟ್ಟ ಸ್ಟೇಷನ್. ಅದು ದಾಟಿದರೆ ನಂದಿ ಗ್ರಾಮ. ಬೆಟ್ಟ ಹತ್ತದೆಯೂ ನಂದಿಗೆ ಹೋಗಿಬಂದೆ ಅಂತ ಹೇಳಿಕೊಳ್ಳಬಹುದು! ನನ್ನ ಕೇಳಿದರೆ ಬೆಟ್ಟದ ತುದಿಗಿಂತ ಬುಡದ ಭೋಗನಂದೀಶ್ವರ ದೇವಸ್ಥಾನವೇ ಮೇಲು. ಇಲ್ಲಿಗೆ ಸಂಬಂಧಪಟ್ಟ ತಾಮ್ರಶಾಸನ 806ನೇ ಇಸವಿಯದು, ರಾಷ್ಟ್ರಕೂಟರ ಮೂರನೇ ಗೋವಿಂದನ ಕಾಲದ್ದು. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೆ ಒಬ್ಬರು ಸೇರಿಸುತ್ತಾ ಹೋದರು. ಕಲ್ಯಾಣಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತರೆ ತುಳಿದ ದಣಿವೆಲ್ಲ ಇಳಿಯುತ್ತದೆ. ವಾರಾಂತ್ಯದ ನಸುಕಿನಲ್ಲಿ ಸೂರ್ಯೋದಯ ನೋಡಲು ಬೆಟ್ಟಕ್ಕೆ ನುಗ್ಗುವ ಕಾರು, ಬೈಕುಗಳ ಹಾವಳಿ ಈ ಕಡೆ ಜೋರು. ವಾರದ ದಿನ ರಜೆ ಸಿಕ್ಕರೆ ಆಗ ಹೋಗಿ.

ಇನ್ನೊಂದು ದಾರಿ ಪೂರ್ವಕ್ಕೆ, ಚನ್ನರಾಯಪಟ್ಟಣ ಹೋಬಳಿ ಕಡೆ. ನನಗೆ ಇದೇ ಇಷ್ಟ. ಇಲ್ಲಿನ ನಲ್ಲೂರಿನಲ್ಲಿ ನೂರಾರು ವರ್ಷದ ಹುಣಸೆ ತೋಪು ಇದೆ, ಸುಮಾರು 53 ಎಕರೆ. 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು, ದೇಶದಲ್ಲೇ ಮೊದಲನೆಯದು. ಒಳಗೆ ಕಾಲಿಟ್ಟರೆ ಗೊತ್ತಾಗುತ್ತದೆ. ಕಾಂಡಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿವೆ. ಕೆಲವು ಒಳಗೆ ಪೂರ್ತಿ ಟೊಳ್ಳು, ಒಬ್ಬ ಆಳು ನಿಲ್ಲಬಹುದು, ಆದರೂ ಮೇಲೆ ಹಸಿರು. ನಡುವೆ ಪಾಳು ಗುಡಿ. ಈ ಹೋಬಳಿಯ ರಸ್ತೆಗಳು ಇನ್ನೂ ಹಳ್ಳಿ ರಸ್ತೆಗಳಾಗಿ ಉಳಿದಿದ್ದರೆ ಅದಕ್ಕೆ ಇಲ್ಲಿನ ರೈತರೇ ಕಾರಣ. 1,777 ಎಕರೆ ಜಮೀನನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟಿದ್ದರ ವಿರುದ್ಧ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ದ್ರಾಕ್ಷಿ ಚಪ್ಪರ, ರಾಗಿ ಹೊಲ, ಹಿಪ್ಪುನೇರಳೆ ತೋಟಗಳ ನಡುವೆ ಹೋಗುವಾಗ ಇದೂ ನೆನಪಿರಲಿ.

ವಿಜಯಪುರ, ಶಿಡ್ಲಘಟ್ಟದ ಕಡೆ ತಿರುಗಿದರೆ ಪೂರ್ತಿ ರೇಷ್ಮೆ ಸೀಮೆ. ಮನೆ ಗೋಡೆಗೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸಿರುತ್ತಾರೆ, ಸುರುಳಿ ಸುರುಳಿಯಾಗಿ ಹೆಣೆದವು. ಕೆಲವದರಲ್ಲಿ ಗೂಡು ಬಿಡಿಸಿಕೊಂಡ ಮೇಲೆ ಉಳಿದ ಹಳದಿ ನೂಲಿನ ಎಳೆ ಇನ್ನೂ ಅಂಟಿಕೊಂಡಿರುತ್ತದೆ. ಊರೊಳಗೆ ನೂಲು ತೆಗೆಯುವ ಕಡೆ ಗೂಡು ಬೇಯಿಸುವ ವಾಸನೆ ಮೂಗಿಗೆ ಹೊಡೆಯುತ್ತದೆ. ಅಲ್ಲಿ ಉಸಿರು ಹಿಡಿದು ಜೋರಾಗಿ ತುಳಿಯುವುದೇ ದಾರಿ.

ಈ ಸೀಮೆಯಲ್ಲಿ ಹುಷಾರಾಗಿರಬೇಕಾದ್ದು ಗಾಡಿಗಳಿಗಿಂತ ಒಕ್ಕಣೆಗೆ. ಡಿಸೆಂಬರ್, ಜನವರಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆ ಮೇಲೇ ಹರಡುತ್ತಾರೆ, ಹೋಗುವ ಬರುವ ಗಾಡಿಗಳ ಚಕ್ರವೇ ಕಾಳು ಬಿಡಿಸಲಿ ಅಂತ. ಕಾರಿಗೆ ಅದು ಏನೂ ಅಲ್ಲ. ಸಣ್ಣ ಟೈರಿನ ಸೈಕಲ್ಲಿಗೆ ಹುರುಳಿ ಕಾಳು ಅಂದರೆ ಜಾರುಬಂಡೆ. ಬ್ರೇಕ್ ಹಿಡಿಯಲೇಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೇರವಾಗಿ ನಿಧಾನಕ್ಕೆ ದಾಟಿ. ಇಲ್ಲ, ಇಳಿದು ತಳ್ಳಿಕೊಂಡು ಹೋಗಿ, ಹಾಗೆ ಮಾಡಿದರೆ ಯಾರಾದರೂ ಮಾತಾಡಿಸುತ್ತಾರೆ ಕೂಡ. ಅದೇ ತಿಂಗಳುಗಳಲ್ಲಿ ದೇವನಹಳ್ಳಿ ಸುತ್ತ ಮಂಜು ದಟ್ಟವಾಗಿರುತ್ತದೆ, ಹಿಂದೆ ಮುಂದೆ ಲೈಟ್ ಇಲ್ಲದೆ ಹೊರಡಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಇನ್ನೊಂದು ಕಾಟ, ಗಾಳಿಯದ್ದು. ಪಶ್ಚಿಮದಿಂದ ಬೀಸುತ್ತದೆ. ಪೂರ್ವಕ್ಕೆ ಹೋಗುವಾಗ ಗಾಳಿ ಬೆನ್ನಿಗೆ ಇರುತ್ತದೆ, ನಾನೇ ಶೂರ ಅನಿಸುತ್ತದೆ. ವಾಪಸ್ ಬರುವಾಗ ಎದೆಗೆ ಹೊಡೆಯುತ್ತದೆ. ಆ ತಿಂಗಳುಗಳಲ್ಲಿ ಎಷ್ಟು ದೂರ ಅಂದುಕೊಂಡಿದ್ದೀರೋ ಅದರ ಅರ್ಧಕ್ಕೇ ತಿರುಗಿಬಿಡಿ.

ಕಾರು ಇಲ್ಲ, ಯಶವಂತಪುರ, ಯಲಹಂಕದ ಕಡೆ ಮನೆ ಅಂದರೆ ಹೆಸರಘಟ್ಟ ಆಗುತ್ತದೆ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ, ಬೆಂಗಳೂರಿಗೆ ಕೊಳಾಯಿ ನೀರು ಬಂದಿದ್ದು ಇಲ್ಲಿಂದ. ಸುತ್ತ ಹುಲ್ಲುಗಾವಲು, ಐವರಕಂಡಪುರದಲ್ಲಿ ಹಳೆಯ ಶಿವನ ಗುಡಿಗಳು. ಅಲ್ಲಿಂದ ಮುಂದೆ ಮಧುರೆ ಕಡೆ ಹೋಗುವುದಾದರೆ ಶನಿವಾರ ಬಿಟ್ಟು ಹೋಗಿ, ಶನಿಮಹಾತ್ಮನ ದೇವಸ್ಥಾನಕ್ಕೆ ಬರುವ ಗಾಡಿಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ನಿಜವಾಗಲೂ ಚಪ್ಪಟೆ ನೆಲವೇ ಬೇಕು ಅಂದರೆ ಒಂದು ದಿನ ಬಿಡುವು ಮಾಡಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ. ಬೆಂಗಳೂರಿಂದ ತುಳಿದುಕೊಂಡು ಅಲ್ಲ. ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕಿಗೂ ಪ್ರವೇಶ ಇಲ್ಲ, ಸೈಕಲ್ಲಿಗೂ ಇಲ್ಲ. ರೈಲಿನಲ್ಲಿ ಹೋಗಿ. ಸೈಕಲ್ಲನ್ನು ಲಗೇಜ್ ಅಂತ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಬೇಕು. ಸಣ್ಣ ಸ್ಟೇಷನ್ನಲ್ಲಿ ಇಳಿಸಿಕೊಳ್ಳಲು ಹೊತ್ತು ಸಾಲದು, ಮೈಸೂರಿಗೇ ಬುಕ್ ಮಾಡಿ, ಅಲ್ಲಿಂದ ಸುಮಾರು 15 ಕಿ.ಮೀ. ಹಿಂದಕ್ಕೆ ಬಂದರಾಯಿತು. ಇಲ್ಲಿ ಕೆರೆಯ ಬದಲು ನಾಲೆಗಳು. ಬಂಗಾರದೊಡ್ಡಿ ನಾಲೆ ಕಂಠೀರವ ನರಸರಾಜ ಒಡೆಯರ ಕಾಲದ್ದು, ಅಂದರೆ 17ನೇ ಶತಮಾನ. ಚಿಕ್ಕದೇವರಾಜ ಒಡೆಯರ ಹೆಸರಿನದು ಇನ್ನೊಂದು, ಕೆಆರ್‌ಎಸ್‌ನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಮತ್ತೊಂದು. ಭತ್ತ, ಕಬ್ಬಿನ ಗದ್ದೆ, ಹಂಗಾಮಿನಲ್ಲಿ ಆಲೆಮನೆಯ ಬೆಲ್ಲದ ಘಮ, ನಡುವೆ 1784ರ ದರಿಯಾ ದೌಲತ್, ಗುಂಬಜ್. ನಾಲೆ ಏರಿ ದಾರಿ ಎಲ್ಲ ಕಡೆ ಟಾರು ಅಲ್ಲ, ಬಹಳ ಕಡೆ ತಡೆಗೋಡೆಯೂ ಇಲ್ಲ. ಮಳೆ ಬಿದ್ದು ಕೆಸರಾಗಿದ್ದರೆ ಏರಿಗೆ ಹೋಗಬೇಡಿ, ಕತ್ತಲಾದ ಮೇಲಂತೂ ಬೇಡವೇ ಬೇಡ.

ಟೈರಿನ ಅಗಲ 28 ಮಿ.ಮೀ.ಗಿಂತ ಕಡಿಮೆಯಾದರೆ ಈ ತೇಪೆ ರಸ್ತೆಗಳಲ್ಲಿ ಸೊಂಟ ಬಿದ್ದುಹೋಗುತ್ತದೆ, 32 ಇದ್ದರೆ ಆರಾಮ. ಪಂಕ್ಚರ್ ಅಂಗಡಿ ಪ್ರತಿ ಹೋಬಳಿ ಊರಲ್ಲೂ ಇದೆ. ಆದರೆ ಅವರ ಪಂಪು ಸಣ್ಣ ಟೈರಿನ ರೋಡ್ ಸೈಕಲ್ಲಿನ ಸಪೂರ ವಾಲ್ವಿಗೆ ಕೂರುವುದಿಲ್ಲ. ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಒಂದು ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನೂ ಒಂದು ಟ್ಯೂಬನ್ನೂ ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಟ್ಟುಕೊಂಡೇ ಹೊರಡಿ.