ಅತ್ತಿ ಮರ ಹೋದರೆ ತೋಟದಿಂದ ಏನೇನು ಹೋಗುತ್ತದೆ?

ಮೂಡಿಗೆರೆಯಿಂದ ಸಕಲೇಶಪುರದ ಕಡೆಗೆ ಹೋಗುವಾಗ ರಸ್ತೆ ಪಕ್ಕದ ಕಾಫಿ ತೋಟಗಳಲ್ಲಿ ಕಾಫಿ ಬಿಟ್ಟು ಮೇಲಿನ ಮರಗಳನ್ನು ನೋಡಿ. ಕೆಲವು ತೋಟಗಳಲ್ಲಿ ಒಂದು ಮರದ ಹಾಗೆ ಇನ್ನೊಂದಿಲ್ಲ. ಅತ್ತಿ, ಬಸರಿ, ಗೋಣಿ, ಹಲಸು, ನಂದಿ, ಬೀಟೆ ಎಲ್ಲ ಸಿಕ್ಕ ಕಡೆ ಹರಡಿಕೊಂಡಿರುತ್ತವೆ. ಇನ್ನು ಕೆಲವು ತೋಟಗಳಲ್ಲಿ ಬರೀ ಸಿಲ್ವರ್ ಓಕ್, ನಮ್ಮವರ ಬಾಯಲ್ಲಿ ಸಿಲ್ವರ್. ನೆಟ್ಟಗೆ, ಸಾಲಾಗಿ, ಒಂದೊಂದಕ್ಕೂ ಮೆಣಸಿನ ಬಳ್ಳಿ. ಎರಡೂ ಹಸಿರೇ. ಆದರೆ ಅಲ್ಲಿ ಬದುಕುವ ಜೀವಗಳ ಲೆಕ್ಕ ತೆಗೆದರೆ ಎರಡೂ ಒಂದೇ ಅಲ್ಲ.

ಪರಿಸರ ಹಾಳಾಗುವುದು ಅಂದರೆ ನಮಗೆ ಗಣಿ, ಅಣೆಕಟ್ಟು, ಕಾಡ್ಗಿಚ್ಚು ನೆನಪಾಗುತ್ತವೆ. ಕುದುರೆಮುಖದ ಗಣಿ ನಿಲ್ಲಿಸಲು ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು, 2005ರ ಕೊನೆಗೆ ಅದು ನಿಂತಿತು. ಅಂಥದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ತೋಟದೊಳಗೆ ವರ್ಷಕ್ಕೆ ಒಂದೆರಡು ಹಳೆ ಮರ ಹೋಗಿ ಆ ಜಾಗಕ್ಕೆ ಸಿಲ್ವರ್ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಮಲೆನಾಡಿನ ಎಷ್ಟೋ ಹಸಿರು ಇರುವುದು ಸರ್ಕಾರಿ ಕಾಡಿನಲ್ಲಲ್ಲ, ಇಂಥ ತೋಟಗಳಲ್ಲಿ. ಹಾಗಾಗಿ ಈ ಸದ್ದಿಲ್ಲದ ಬದಲಾವಣೆಯೇ ನನಗೆ ಜಾಸ್ತಿ ಚಿಂತೆಯ ವಿಷಯ.

ಕಾಫಿ ಮೂಲದಲ್ಲಿ ಇಥಿಯೋಪಿಯಾದ ಕಾಡಿನ ನೆರಳಿನಲ್ಲಿ ಬೆಳೆಯುವ ಗಿಡ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಗಿರಿಯ ಮೇಲೆ ಬಿತ್ತಿದರು ಎಂಬ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮುಂದೆ ತೋಟ ಮಾಡಿದವರು ಕಾಡನ್ನು ಪೂರ್ತಿ ಕಡಿಯದೆ, ದೊಡ್ಡ ಮರ ಉಳಿಸಿಕೊಂಡು, ಕೆಳಗೆ ಕಾಫಿ ನೆಟ್ಟರು. ಅದರ ಫಲ ಇವತ್ತಿಗೂ ಇದೆ. ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ ಸಂಶೋಧಕರು ಹಕ್ಕಿಗಳ ಲೆಕ್ಕ ಮಾಡಿದಾಗ 200ಕ್ಕೂ ಹೆಚ್ಚು ಜಾತಿ ಸಿಕ್ಕವು. ಅವುಗಳಲ್ಲಿ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿಗಳೂ ಇದ್ದವು.

ಈಗ ಒಂದು ಅತ್ತಿ ಮರದ ಹತ್ತಿರ ಹೋಗೋಣ. ಬುಡದಲ್ಲಿ ಬಿದ್ದ ಹಣ್ಣು ಒಡೆದರೆ ಒಳಗೆ ಸಣ್ಣ ಸಣ್ಣ ಹುಳ. ಛೀ ಅಂತ ಎಸೆಯುತ್ತೇವೆ, ಅಲ್ವಾ? ಆ ಹುಳ ಒಂದು ಪುಟ್ಟ ಕಣಜ, ಅದು ಇಲ್ಲದಿದ್ದರೆ ಅತ್ತಿ ಮರವೇ ಇರುತ್ತಿರಲಿಲ್ಲ. ಅತ್ತಿಕಾಯಿ ಅಂದರೆ ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ನೂರಾರು ಹೂಗಳು ಅದರೊಳಗೇ ಅರಳುತ್ತವೆ. ಎಳೆಗಾಯಿಯ ತುದಿಯಲ್ಲಿ ಒಂದು ಕಿರಿದಾದ ಬಾಯಿ. ಒಂದೆರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜ ಅದರೊಳಗೆ ನುಗ್ಗುತ್ತದೆ. ದಾರಿ ಎಷ್ಟು ಇಕ್ಕಟ್ಟು ಅಂದರೆ ಸಾಮಾನ್ಯವಾಗಿ ರೆಕ್ಕೆಗಳು ಅಲ್ಲೇ ಮುರಿದುಹೋಗುತ್ತವೆ. ಒಳಗೆ ಅದು ತಾನು ಹೊತ್ತು ತಂದ ಪರಾಗ ಹಚ್ಚುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ರೆಕ್ಕೆಯಿಲ್ಲದ ಗಂಡುಗಳು ಹೆಣ್ಣುಗಳ ಜೊತೆ ಕೂಡಿ, ಅವು ಹೊರಹೋಗಲು ದಾರಿ ಕೊರೆದುಕೊಡುತ್ತವೆ. ಹೆಣ್ಣುಗಳು ಪರಾಗ ಹೊತ್ತು ಹಾರುತ್ತವೆ. ಅವುಗಳ ಆಯಸ್ಸು ಒಂದೆರಡು ದಿನ. ಅಷ್ಟರೊಳಗೆ ಅದೇ ಜಾತಿಯ, ಎಳೆಗಾಯಿ ಬಿಟ್ಟ ಇನ್ನೊಂದು ಮರ ಸಿಗಬೇಕು.

ಹಾಗಾಗಿ ಅತ್ತಿ ಜಾತಿಯ ಮರಗಳೆಲ್ಲ ಒಟ್ಟಿಗೇ ಕಾಯಿ ಬಿಟ್ಟರೆ ನಡೆಯುವುದಿಲ್ಲ. ಒಂದು ಮುಗಿಯುವಾಗ ಇನ್ನೊಂದು ಶುರು ಮಾಡಬೇಕು. ಇದರ ಲಾಭ ಹಕ್ಕಿಗಳಿಗೆ. ಬೇರೆ ಮರಗಳಲ್ಲಿ ಏನೂ ಇಲ್ಲದ ತಿಂಗಳುಗಳಲ್ಲೂ ಎಲ್ಲೋ ಒಂದು ಅತ್ತಿಯೋ ಅದರ ಬಳಗದ ಬಸರಿಯೋ ಗೋಣಿಯೋ ಹಣ್ಣಾಗಿರುತ್ತದೆ. ಕುಟ್ರು ಹಕ್ಕಿ, ಹಸಿರು ಪಾರಿವಾಳ, ಪಿಕಳಾರ, ಮಂಗಟ್ಟೆ ಬರುತ್ತವೆ. ರಾತ್ರಿ ಬಾವಲಿ, ಪುನುಗು ಬೆಕ್ಕು. ಮಂಗಟ್ಟೆಯ ಹೆಣ್ಣು ಹಳೆ ಮರದ ಪೊಟರೆಯಲ್ಲಿ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ, ಗಂಡು ಹೊರಗಿನಿಂದ ಸಣ್ಣ ಸಂದಿಯಲ್ಲಿ ಹಣ್ಣು ಕೊಡುತ್ತದೆ. ಆ ಹಣ್ಣುಗಳಲ್ಲಿ ಅತ್ತಿ ಜಾತಿಯದೇ ಜಾಸ್ತಿ. ಈ ಹಕ್ಕಿಗಳು ಹಿಕ್ಕೆ ಹಾಕಿದಲ್ಲೆಲ್ಲ ಬೀಜ ಬೀಳುತ್ತದೆ. ಇಂಥ ಮರಗಳು ಒಂದು ಊರಿನ ಸುತ್ತ ತೀರಾ ಕಮ್ಮಿಯಾದರೆ ಕಣಜಕ್ಕೆ ಮುಂದಿನ ಮರ ಸಿಗುವುದು ಕಷ್ಟ. ಆಗ ಉಳಿದ ಮರಗಳ ಕಾಯಿಯೂ ಹಣ್ಣಾಗದೆ ಉದುರಬಹುದು.

ಮಳೆಯ ವಿಷಯಕ್ಕೆ ಬರೋಣ. ಎತ್ತರದ ಮರ ಇದ್ದರೆ ಮಣ್ಣು ಉಳಿಯುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಅದು ಅರ್ಧ ಮಾತ್ರ ನಿಜ. ಎಲೆಗಳ ತುದಿಯಲ್ಲಿ ನೀರು ಸೇರಿ ಮಾಮೂಲಿ ಹನಿಗಿಂತ ದಪ್ಪನೆಯ ಹನಿಯಾಗುತ್ತದೆ. ಎಂಟು ಹತ್ತು ಮೀಟರ್ ಮೇಲಿಂದ ಬಿದ್ದರೆ ಅದು ಹೆಚ್ಚು ಕಡಿಮೆ ಪೂರ್ತಿ ವೇಗದಲ್ಲೇ ನೆಲಕ್ಕೆ ಬಡಿಯುತ್ತದೆ. ಮಣ್ಣನ್ನು ಕಾಯುವುದು ನೆರಳಿನ ಅಂತಸ್ತುಗಳು. ಮೇಲೆ ಅತ್ತಿ, ನಂದಿ. ಅದರ ಕೆಳಗೆ ಹಾಲವಾಣದ ಮರ. ಆಮೇಲೆ ಕಾಫಿ. ನೆಲದ ಮೇಲೆ ಗೋಣಿಚೀಲ ಹಾಸಿದ ಹಾಗೆ ದರಗು, ಅಂದರೆ ಉದುರಿದ ಒಣ ಎಲೆ. ಹನಿ ಪ್ರತಿ ಅಂತಸ್ತಿನಲ್ಲೂ ತಡೆದು ಇಳಿಯುತ್ತದೆ, ದರಗಿನಡಿಯಲ್ಲಿ ನಿಧಾನ ಇಂಗುತ್ತದೆ. ಹಾಲವಾಣ ಇನ್ನೂ ಒಂದು ಕೆಲಸ ಮಾಡುತ್ತದೆ: ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರ ಮಾಡಿಕೊಡುತ್ತದೆ. ಸಿಲ್ವರ್ ಎಲೆಯೂ ಉದುರುತ್ತದೆ, ಆದರೆ ಬೇಗ ಕೊಳೆಯುವುದಿಲ್ಲ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ, ಅದರ ನೀರು ನಿಲ್ಲುವುದು ಹಾಸನದ ಗೊರೂರು ಅಣೆಕಟ್ಟಿನಲ್ಲಿ. ತೋಟದ ನೆಲ ಎಷ್ಟು ನೀರು ಹಿಡಿದುಕೊಳ್ಳುತ್ತದೆ ಎಂಬುದು ತೋಟದವರ ವಿಷಯ ಮಾತ್ರ ಅಲ್ಲ.

ನೆರಳು ಜಾಸ್ತಿಯಾದರೆ ಕಾಫಿಗೆ ಕೊಳೆರೋಗ, ಕಮ್ಮಿಯಾದರೆ ಅರೇಬಿಕಾ ಜಾತಿಯ ಕಾಫಿಗೆ ಬೋರರ್, ಅಂದರೆ ಕಾಂಡ ಕೊರೆಯುವ ಹುಳ. ಬಿಸಿಲು ಬಿದ್ದ ಕಾಂಡದ ಮೇಲೆಯೇ ಬಿಳಿ ಕಾಂಡಕೊರಕ ಮೊಟ್ಟೆ ಇಡಲು ಇಷ್ಟಪಡುತ್ತದೆ. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇದಕ್ಕೆ ಹೇಳುತ್ತಾ ಬಂದಿರುವ ಉಪಾಯಗಳಲ್ಲಿ ಹದವಾದ ನೆರಳು ಮುಖ್ಯವಾದದ್ದು. ಮರಗಸಿಯನ್ನು, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದನ್ನು, ಹದ ತಿಳಿದು ಮಾಡಬೇಕು ಅಂತ ಹಳಬರು ಹೇಳುವುದು ಸುಮ್ನೆ ಅಲ್ಲ.

ಹಾಗಾದರೆ ಬೆಳೆಗಾರರು ಸಿಲ್ವರ್ ಯಾಕೆ ನೆಡುತ್ತಾರೆ? ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಆಸ್ಟ್ರೇಲಿಯಾದಿಂದ ಬಂದ ಈ ಮರ ಬೇಗ ಬೆಳೆಯುತ್ತದೆ, ಮೆಣಸು ಹಬ್ಬಿಸಲು, ಏಣಿ ಇಟ್ಟು ಕೊಯ್ಯಲು ಸುಲಭ. ಹೂ ಬಿಟ್ಟಾಗ ಜೇನಿಗೂ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಷ್ಟ ಬಂದಾಗ ಕಡಿದು ಮಾರಬಹುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳಲ್ಲಿ ನೀಲಗಿರಿ, ಸುಬಾಬುಲ್ ಜೊತೆ ಸಿಲ್ವರ್ ಕೂಡ ಇದೆ. ಕಾಡುಮರ ಆದರೆ ಅರ್ಜಿ ಹಾಕಬೇಕು, ಕಾಯಬೇಕು. ತಾನೇ ನೆಟ್ಟ ಮರ ಕಡಿಯಲೂ ಓಡಾಡಬೇಕು ಅಂದರೆ ಯಾರು ತಾನೇ ನಂದಿ, ಹೊನ್ನೆ ನೆಡುತ್ತಾರೆ? ಮರ ಉಳಿಸಲು ಮಾಡಿದ ಕಾನೂನೇ ಹೊಸ ಮರ ನೆಡದ ಹಾಗೆ ಮಾಡಿದೆ. ನೆಟ್ಟ ವರ್ಷವೇ ದಾಖಲೆ ಮಾಡಿಸಿದ ಮರಗಳಿಗೆ ಈ ತಾಪತ್ರಯ ಇರಬಾರದು, ಉಳಿಸಿಕೊಂಡ ಹಳೆ ಮರಗಳಿಗೆ ಬೆಳೆಗಾರರಿಗೆ ಏನಾದರೂ ಹಣ ಸಿಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಲ್ಲಿಯವರೆಗೂ ಮಾಡಬಹುದಾದದ್ದು ಇದೆ. ಇರುವ ಸಿಲ್ವರ್ ಕಡಿಯಬೇಕಾಗಿಲ್ಲ, ಮೆಣಸಿಗೆ ಅದು ಇರಲಿ. ಹಳ್ಳದ ದಂಡೆ, ಇಳಿಜಾರಿನ ಅಂಚು, ಬೇಲಿ ಸಾಲಿನಲ್ಲಿ ಅತ್ತಿ, ಬಸರಿ, ಗೋಣಿಗೆ ಜಾಗ ಕೊಡಿ. ಇವುಗಳಿಗೆ ನರ್ಸರಿ ಸಸಿಯೇ ಬೇಕು ಅಂತಿಲ್ಲ. ಹಾಲವಾಣದ ಗೂಟ ನೆಡುವ ಹಾಗೆಯೇ, ಮಳೆ ಹಿಡಿಯುವ ಹೊತ್ತಿಗೆ ಕೈಗಾತ್ರದ ಬಲಿತ ಕೊಂಬೆ ನೆಟ್ಟರೆ ಬಹಳಷ್ಟು ಚಿಗುರುತ್ತವೆ. ದನ ಬಾಯಿ ಹಾಕದಷ್ಟು ಉದ್ದದ ಗೂಟ ಆರಿಸಿ, ಗಾಳಿಗೆ ಅಲ್ಲಾಡದ ಹಾಗೆ ಬುಡ ಗಟ್ಟಿಯಾಗಿ ತುಳಿಯಿರಿ.