ಎರಡನೇ ಆರ್ಡರ್ ಯಾರಿಗೆ ಸಿಗುತ್ತದೆ?

ಹಾಲಿನ ಪುಡಿ ರಫ್ತು ಮಾಡುವವರ ಜೊತೆ ಮಾತಿಗೆ ಕೂತರೆ ಮೊದಲು ಬರುವುದು ದರದ ವಿಷಯ. ನ್ಯೂಜಿಲೆಂಡ್ ಎಷ್ಟಕ್ಕೆ ಕೊಡುತ್ತಿದೆ, ಯುರೋಪ್ ಎಷ್ಟಕ್ಕೆ ಇಳಿದಿದೆ, ನಾವು ಇನ್ನೆಷ್ಟು ಬಿಡಬೇಕು? ಈ ಲೆಕ್ಕ ಬೇಕೇ ಬೇಕು. ಆದರೆ ಪುಡಿ ತಯಾರಿಕೆಯಲ್ಲೇ ಕೆಲಸ ಮಾಡಿಕೊಂಡು ಬಂದ ನಾನು ಕಂಡಿರುವುದು ಬೇರೆ. ಕಡಿಮೆ ದರ ಮೊದಲ ಆರ್ಡರ್ ತಂದುಕೊಡುತ್ತದೆ. ಎರಡನೆಯದು ಬರಬೇಕಾದರೆ ಪ್ರತಿ ಚೀಲದಲ್ಲೂ ಅದೇ ಪುಡಿ ಇರಬೇಕು.

ಅಷ್ಟಕ್ಕೂ ದರ ನಮ್ಮ ಕೈಯಲ್ಲಿ ಇಲ್ಲ. 2008ರಲ್ಲಿ ಗ್ಲೋಬಲ್ ಡೇರಿ ಟ್ರೇಡ್ ಎಂಬ, ಹಾಲಿನ ಉತ್ಪನ್ನಗಳ ಅಂತರರಾಷ್ಟ್ರೀಯ ಆನ್‌ಲೈನ್ ಹರಾಜು ಶುರುವಾಯಿತು. ಈಗ ಕೊಳ್ಳುವವರೆಲ್ಲ ಅಲ್ಲಿನ ದರವನ್ನೇ ಮುಂದಿಟ್ಟುಕೊಂಡು ಚೌಕಾಸಿ ಮಾಡುತ್ತಾರೆ. 2013ರಲ್ಲಿ ಟನ್ನಿಗೆ 5,000 ಡಾಲರ್ ದಾಟಿದ್ದ ಕೆನೆಸಹಿತ ಹಾಲಿನ ಪುಡಿ, 2015ರ ಆಗಸ್ಟ್‌ನಲ್ಲಿ 1,600 ಡಾಲರ್‌ಗಿಂತ ಕೆಳಗೆ ಬಿತ್ತು. ಚೀನಾದ ಖರೀದಿ ತಗ್ಗಿತ್ತು. ರಷ್ಯಾ 2014ರಲ್ಲಿ ಆಮದು ನಿಷೇಧಿಸಿತ್ತು. ಯುರೋಪಿನಲ್ಲಿ ಹಾಲಿನ ಉತ್ಪಾದನೆಗೆ ಇದ್ದ ಮಿತಿ (ಕೋಟಾ) 2015ರ ಮಾರ್ಚ್ ಕೊನೆಗೆ ಮುಗಿದಿತ್ತು. ಘಟಕದ ಒಳಗೆ ಎಷ್ಟೇ ಉಳಿತಾಯ ಮಾಡಿದರೂ ಅಂಥ ಕುಸಿತವನ್ನು ಸರಿದೂಗಿಸಲು ಆಗುವುದಿಲ್ಲ. ಜಗತ್ತಿನ ಒಟ್ಟು ಹಾಲಿನಲ್ಲಿ ಗಡಿ ದಾಟುವುದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಹಾಗಾಗಿ ದೊಡ್ಡ ದೇಶವೊಂದರಲ್ಲಿ ಹಾಲು ಸ್ವಲ್ಪ ಜಾಸ್ತಿಯಾದರೂ ದರ ಜೋರಾಗಿ ಅಲುಗಾಡುತ್ತದೆ.

ನಮ್ಮ ಕೈಯಲ್ಲಿರುವುದು ಪುಡಿಯ ಗುಣ. ಅದನ್ನು ಕೊಳ್ಳುವವರು ಬಹುಪಾಲು ಇನ್ನೊಂದು ಕಾರ್ಖಾನೆಯವರು. ಕೆನೆ ತೆಗೆದ ಹಾಲಿನ ಪುಡಿ ನೋಡುವುದಕ್ಕೆ ಎಲ್ಲವೂ ಒಂದೇ. ಆದರೆ ಒಣಗಿಸುವ ಮುಂಚೆ ಹಾಲನ್ನು ಎಷ್ಟು ಬಿಸಿ ಮಾಡಿದಿರಿ ಎನ್ನುವುದರ ಮೇಲೆ ಅದರ ಕೆಲಸವೇ ಬದಲಾಗುತ್ತದೆ. ಹಾಲು ಒಡೆದಾಗ ನೀರಿನಲ್ಲಿ ಉಳಿಯುವ ಪ್ರೋಟೀನಿಗೆ ವೇ ಪ್ರೋಟೀನ್ ಅನ್ನುತ್ತಾರೆ. ಬಿಸಿಗೆ ಕೆಡದೆ ಉಳಿದ ವೇ ಪ್ರೋಟೀನಿನ ಸಾರಜನಕ ಒಂದು ಗ್ರಾಂ ಪುಡಿಯಲ್ಲಿ 6 ಮಿಲಿಗ್ರಾಂ ಅಥವಾ ಜಾಸ್ತಿ ಇದ್ದರೆ ಅದು ಲೋ ಹೀಟ್, ಅಂದರೆ ಕಡಿಮೆ ಬಿಸಿ ಮಾಡಿದ ಪುಡಿ. 1.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೈ ಹೀಟ್, ಅಂದರೆ ಹೆಚ್ಚು ಬಿಸಿ ಮಾಡಿದ್ದು. ಚೀಸ್ ಮಾಡುವವರಿಗೆ ಮೊದಲನೆಯದು ಬೇಕು. ಬ್ರೆಡ್ ಮಾಡುವವರಿಗೆ ಎರಡನೆಯದೇ ಆಗಬೇಕು, ಇಲ್ಲದಿದ್ದರೆ ಬ್ರೆಡ್ ಸರಿಯಾಗಿ ಉಬ್ಬುವುದಿಲ್ಲ. ಪುಡಿಯಿಂದ ಡಬ್ಬಿಯ ಗಟ್ಟಿ ಹಾಲು ಮಾಡುವವರದು ಇನ್ನೂ ಕಷ್ಟ. ಶಾಖ ತಡೆಯದ ಪುಡಿ ಹೋದರೆ, ಡಬ್ಬಿಯನ್ನು ಬಿಸಿ ಮಾಡುವಾಗ ಹಾಲು ಒಳಗೇ ಹೆಪ್ಪುಗಟ್ಟುತ್ತದೆ. ಅವರ ಒಂದು ದಿನದ ಉತ್ಪಾದನೆ ಹಾಳಾದ ಮೇಲೆ ನೀವು ಟನ್ನಿಗೆ 50 ಡಾಲರ್ ಕಡಿಮೆ ಮಾಡಿದ್ದು ಅವರಿಗೆ ನೆನಪಿರುತ್ತದಾ?

ನಾನು ಅತಿ ಹೆಚ್ಚು ವಾದ ಮಾಡಬೇಕಾಗಿ ಬರುವುದು ಇವಾಪರೇಟರ್, ಅಂದರೆ ಹಾಲಿನ ನೀರನ್ನು ಆವಿ ಮಾಡಿ ತೆಗೆಯುವ ಯಂತ್ರದ ವಿಷಯದಲ್ಲಿ. ಹಾಲಿನಲ್ಲಿ ಸುಮಾರು 87% ನೀರು. ಅದರ ಬಹುಪಾಲನ್ನು ಮೊದಲು ಇವಾಪರೇಟರ್‌ನಲ್ಲಿ ನಿರ್ವಾತದಲ್ಲಿ ತೆಗೆದು, ಉಳಿದ ಗಟ್ಟಿ ಹಾಲನ್ನು ಸ್ಪ್ರೇ ಡ್ರೈಯರ್‌ಗೆ, ಅಂದರೆ ಬಿಸಿ ಗಾಳಿಯಲ್ಲಿ ಸಿಂಪಡಿಸಿ ಒಣಗಿಸುವ ಯಂತ್ರಕ್ಕೆ ಬಿಡುತ್ತೇವೆ. ಡ್ರೈಯರ್‌ನಲ್ಲಿ ಒಂದು ಕಿಲೋ ನೀರು ತೆಗೆಯಲು ಬೇಕಾಗುವ ಇಂಧನ ಇವಾಪರೇಟರ್‌ನದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಇವಾಪರೇಟರ್ ನಿಲ್ಲಿಸಿ ತೊಳೆದರೆ ಕಾಸ್ಟಿಕ್ ಸೋಡಾ, ನೀರು, ಸಮಯ ಎಲ್ಲಕ್ಕೂ ಖರ್ಚು. ಹಾಗಾಗಿ ತೊಳೆಯುವುದನ್ನು ಮುಂದೂಡಿ ಇನ್ನೂ ಎರಡು ಗಂಟೆ ಓಡಿಸೋಣ ಅನ್ನುವ ಆಸೆ ಎಲ್ಲ ಘಟಕಗಳಲ್ಲೂ ಇದೆ. ಆದರೆ 45ರಿಂದ 70 ಡಿಗ್ರಿ ಶಾಖದಲ್ಲೇ ಖುಷಿಯಾಗಿ ಬೆಳೆಯುವ ಬ್ಯಾಕ್ಟೀರಿಯಾ ಇವೆ. ಹಾಲನ್ನು ಬಿಸಿ ಮಾಡುವ ಭಾಗದ ಗೋಡೆಗೆ ಅಂಟಿಕೊಂಡು ಬೆಳೆದು, ಓಟ ಉದ್ದವಾದಂತೆ ಅವುಗಳ ಸ್ಪೋರ್‌ಗಳು (ಬಿಸಿಗೂ ಸಾಯದ ಬೀಜಾಣುಗಳು) ಪುಡಿಗೆ ಬೀಳುತ್ತವೆ. ಬೆಳಗಿನ ಚೀಲಕ್ಕೂ ರಾತ್ರಿಯ ಚೀಲಕ್ಕೂ ವ್ಯತ್ಯಾಸ ಬರುವುದು ಇಲ್ಲೇ. ಸ್ಪೋರ್ ಮಿತಿ ದಾಟಿದ ಪುಡಿಯನ್ನು ಶಿಶು ಆಹಾರ ಮಾಡುವವರು ಮುಟ್ಟುವುದೂ ಇಲ್ಲ, ಅದು ಅಗ್ಗದ ಗಿರಾಕಿಗೆ ಹೋಗುತ್ತದೆ. ಎರಡು ಗಂಟೆ ಮುಂಚೆ ನಿಲ್ಲಿಸಿ ತೊಳೆಯುವುದೇ ಲಾಭ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಖರ್ಚು ಉಳಿಸುವ ಜಾಗ ಬೇರೆ ಇದೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಪುಡಿಯ ಕೊಬ್ಬುರಹಿತ ಘನಾಂಶದಲ್ಲಿ ಕನಿಷ್ಠ 34% ಪ್ರೋಟೀನ್ ಇದ್ದರೆ ಸಾಕು. ಪ್ರೋಟೀನ್ ಅದಕ್ಕಿಂತ ಜಾಸ್ತಿ ಇದ್ದರೆ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಅಥವಾ ಹಾಲಿನದೇ ಪರ್ಮಿಯೇಟ್ (ಹಾಲನ್ನು ಸೋಸಿ ಪ್ರೋಟೀನ್, ಕೊಬ್ಬು ತೆಗೆದ ಮೇಲೆ ಉಳಿಯುವ ದ್ರವ) ಸೇರಿಸಿ ಸರಿಹೊಂದಿಸಲು ಒಪ್ಪಿಗೆಯೂ ಇದೆ. ಹಾಲಿನಲ್ಲಿ ಸಹಜವಾಗಿ ಇದಕ್ಕಿಂತ ಜಾಸ್ತಿ ಪ್ರೋಟೀನ್ ಇರುವ ತಿಂಗಳುಗಳಲ್ಲಿ ಹಾಗೇ ಒಣಗಿಸಿ ಕಳಿಸಿದರೆ, ಮೇಲಿನ ಪ್ರೋಟೀನನ್ನು ಸುಮ್ನೆ ಬಿಟ್ಟುಕೊಟ್ಟಂತೆ. ಸರಿಹೊಂದಿಸಿದರೆ ದುಡ್ಡೂ ಉಳಿಯುತ್ತದೆ, ತಿಂಗಳಿಂದ ತಿಂಗಳಿಗೆ ಪುಡಿ ಬದಲಾಗುವುದೂ ನಿಲ್ಲುತ್ತದೆ.

ಕೆಲವು ಸಮಸ್ಯೆಗಳನ್ನು ಘಟಕದಲ್ಲಿ ಪರಿಹರಿಸಲು ಆಗುವುದೇ ಇಲ್ಲ. ಅಫ್ಲಾಟಾಕ್ಸಿನ್ ಎಂ1 ಎಂಬ ವಿಷ ಅಂಥದ್ದು. ಬೂಷ್ಟು ಹಿಡಿದ ಮೇವಿನಿಂದ ಹಾಲಿಗೆ ಬರುತ್ತದೆ, ಪಾಶ್ಚರೀಕರಣಕ್ಕೆ ಜಗ್ಗುವುದಿಲ್ಲ. ಹಾಲಿನಲ್ಲಿ ಕೋಡೆಕ್ಸ್ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ಯುರೋಪಿನ ಮಿತಿ ಅದರ ಹತ್ತನೇ ಒಂದು ಪಾಲು, 0.05. ಯುರೋಪಿಗೆ ಕಳಿಸುವ ಕನಸಿದ್ದರೆ ಕೆಲಸ ಶುರುವಾಗಬೇಕಾದದ್ದು ಹಸು ಸಾಕುವವರ ಮೇವಿನ ದಾಸ್ತಾನಿನಲ್ಲಿ. ಒಳ್ಳೆ ಹಾಲಿಗೆ ಅವರಿಗೆ ಹೆಚ್ಚಿನ ದರ ಕೊಡದೆ ಇದು ಆಗುವ ಮಾತಲ್ಲ.

ಇಷ್ಟೆಲ್ಲ ಮಾಡಿಯೂ ಒಂದು ದಿನ ತೊಂದರೆ ಬರಬಹುದು. 2013ರ ಆಗಸ್ಟ್‌ನಲ್ಲಿ ನ್ಯೂಜಿಲೆಂಡಿನ ಫಾಂಟೆರಾ ಕಂಪನಿ, ತನ್ನ ಸುಮಾರು 38 ಟನ್ ವೇ ಪ್ರೋಟೀನ್‌ನಲ್ಲಿ ಬೊಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಇರಬಹುದು ಎಂದು ಪ್ರಕಟಿಸಿತು. ಆಮೇಲಿನ ಪರೀಕ್ಷೆಯಲ್ಲಿ ಅದು ಆ ರೋಗ ತರುವ ಜಾತಿಯೇ ಅಲ್ಲ ಅಂತ ಗೊತ್ತಾಯಿತು. ಅಷ್ಟರಲ್ಲಿ ಹಲವು ದೇಶಗಳಲ್ಲಿ ಸರಕು ವಾಪಸ್ ಪಡೆದಾಗಿತ್ತು. ಅದರ ಗಿರಾಕಿಯಾಗಿದ್ದ ಡಾನೋನ್ ಕಂಪನಿಗೆ ಫಾಂಟೆರಾ 105 ಮಿಲಿಯನ್ ಯೂರೋ ಕೊಡಬೇಕೆಂದು 2017ರಲ್ಲಿ ಮಧ್ಯಸ್ಥಗಾರರ ತೀರ್ಪು ಬಂತು. ಸುಳ್ಳು ಎಚ್ಚರಿಕೆಗೇ ಇಷ್ಟು ಬೆಲೆ! ಯಾವ ಬ್ಯಾಚ್ ಯಾರ ಗೋದಾಮಿನಲ್ಲಿದೆ, ಯಾವ ಉತ್ಪನ್ನದೊಳಗೆ ಸೇರಿದೆ ಎಂದು ಕೆಲವೇ ಗಂಟೆಗಳಲ್ಲಿ ಹೇಳಬಲ್ಲ ಕಂಪನಿಯ ನಷ್ಟ ಆ ಬ್ಯಾಚಿಗಷ್ಟೇ ನಿಲ್ಲಬಹುದು. ಹೇಳಲಾಗದ ಕಂಪನಿಯ ಇಡೀ ಸರಕಿನ ಮೇಲೆ ಅನುಮಾನ ಬೀಳುತ್ತದೆ. ವರ್ಷಕ್ಕೊಮ್ಮೆಯಾದರೂ ಹಳೆಯ ಬ್ಯಾಚ್ ಒಂದನ್ನು ಹಿಡಿದು, ಗಡಿಯಾರ ಇಟ್ಟುಕೊಂಡು ಹುಡುಕಿ ನೋಡಿ.

ಇನ್ನು ಒಂದೇ ದೇಶಕ್ಕೆ ಜೋತುಬೀಳದೆ ಹಲವು ದೇಶಗಳಲ್ಲಿ ಗಿರಾಕಿಗಳನ್ನು ಇಟ್ಟುಕೊಳ್ಳುವ ವಿಷಯ. ಸುಂಕ ರಿಯಾಯಿತಿ ಇರುವ ಒಂದೇ ದೇಶವನ್ನು ನೆಚ್ಚಿಕೊಳ್ಳುವುದು ಸುಲಭ. 2025ರ ಜನವರಿಯಲ್ಲಿ ಜರ್ಮನಿಯಲ್ಲಿ ಕಾಲುಬಾಯಿ ರೋಗ ಕಾಣಿಸಿತು, 1988ರ ನಂತರ ಮೊದಲ ಬಾರಿಗೆ. ಆರೋಗ್ಯ ಪ್ರಮಾಣಪತ್ರದಲ್ಲಿ 'ರೋಗಮುಕ್ತ ದೇಶ' ಎಂಬ ಸಾಲು ಕೇಳುವ ಕಡೆಗೆಲ್ಲ ಸಾಗಣೆಗೆ ತೊಡಕಾಯಿತು. ರೋಗ ಬಂದ ಪ್ರದೇಶವನ್ನಷ್ಟೇ ಬಿಟ್ಟು ಉಳಿದ ಕಡೆಯ ಸರಕನ್ನು ಒಪ್ಪುವ ದೇಶಗಳೂ ಇವೆ. ಅಂಥ ಒಂದೆರಡು ದೇಶಗಳಲ್ಲಿ ಘಟಕದ ನೋಂದಣಿ ಮೊದಲೇ ಆಗಿರಬೇಕು. ಚೀನಾ 2022ರ ಜನವರಿಯಿಂದ ವಿದೇಶಿ ಆಹಾರ ಘಟಕಗಳ ನೋಂದಣಿ ನಿಯಮವನ್ನು ಬಿಗಿ ಮಾಡಿದೆ, ಡೇರಿಗೆ ರಫ್ತು ಮಾಡುವ ದೇಶದ ಸರ್ಕಾರದ ಶಿಫಾರಸೂ ಬೇಕು. ಸರ್ಕಾರದ ಮೂಲಕ ಹೋಗುವ ಕಾಗದ ನಿಮ್ಮ ಅವಸರಕ್ಕೆ ಓಡುವುದಿಲ್ಲ. ಆರ್ಡರ್ ಇಲ್ಲದ ಬಿಡುವಿನ ತಿಂಗಳಲ್ಲೇ ಅರ್ಜಿ ಹಾಕಿಬಿಡಿ.